ನೀರಿಗೆ ಬಿದ್ದ ಕೊನೆಯ ಅಧ್ಯಾಯ

"ಈ ಭಾನುವಾರ ನಮ್ಮ ಮನೆ ನನ್ನ ಅಂಕಣದ ಪ್ರಕಾರವೇ ನಡೆಯತಕ್ಕದ್ದು!"

ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು, ಸೌಟನ್ನು ರಾಜದಂಡದಂತೆ ಎತ್ತಿ ಹಿಡಿದು ನಾನು ಹೀಗೆ ಘೋಷಿಸಿದೆ. ಕೇಳಿಸಿಕೊಳ್ಳಲು ಇದ್ದ ಪ್ರಜೆಗಳು ಇಬ್ಬರು. ಒಬ್ಬರು ನನ್ನ ಗಂಡ, ಇನ್ನೊಬ್ಬರು ಅವರ ತಾಯಿ, ಅಂದರೆ ನನ್ನ ಅತ್ತೆ. ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ಅತ್ತೆ ಸೋಸುತ್ತಿದ್ದ ಸೊಪ್ಪಿನಿಂದ ತಲೆ ಎತ್ತಲಿಲ್ಲ. ಸೌಟಿನಿಂದ ಒಂದು ತೊಟ್ಟು ಎಣ್ಣೆ ಮಾತ್ರ ನನ್ನ ಕಾಲ ಮೇಲೆ ಬಿದ್ದು ಎಚ್ಚರಿಕೆ ಕೊಟ್ಟಿತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂಕಣದ ಹೆಸರು "ವಾರದ ಬುಟ್ಟಿ". ಪ್ರತಿ ಭಾನುವಾರದ ಪುರವಣಿಯಲ್ಲಿ ಬರುತ್ತದೆ. ಬುಟ್ಟಿಯಲ್ಲಿ ಮೂರು ಸಾಮಾನು. ಈ ಬೇಸಿಗೆಯಲ್ಲಿ ತಂಪಾಗಿ ಬದುಕುವುದು ಹೇಗೆ, ಈ ವಾರ ನಾನು ಓದುತ್ತಿರುವುದೇನು, ಬೇಕಾದವರಿಗೆ ಉಡುಗೊರೆ ಕೊಡುವುದಾದರೆ ಏನನ್ನು. ಅಂಕಣದ ನೆತ್ತಿಯ ಮೇಲೆ, ಗಲ್ಲಕ್ಕೆ ಬೆರಳೂರಿ ಕೂತ ನನ್ನ ಫೋಟೋ. ಎಂಥ ಬಿರುಬೇಸಿಗೆಯಲ್ಲೂ ಆ ಫೋಟೋದಲ್ಲಿ ನಾನು ಬೆವರುವುದಿಲ್ಲ. ಫೋಟೋದ ಹಿಂದಿರುವವಳ ವಿಷಯ ಬೇರೆ.

ನನ್ನನ್ನು ಕೆಣಕಿದವರು ಗಂಡ.

"ಅಂಕಣಕಾರ್ತಿ ಮೇಡಂ, ನೀನು ಬರೆಯೋದರಲ್ಲಿ ಒಂದಾದ್ರೂ ನಮ್ಮನೇಲಿ ನಡೆದಿದೆಯಾ? ಕಿಟಕಿಗೆ ಒದ್ದೆ ಪರದೆ ಅಂತೀಯ, ನಮ್ಮ ಕಿಟಕಿಗೆ ಒಣ ಪರದೇನೇ ಇಲ್ಲ. ಒಲೆ ಹಚ್ಚದ ಊಟ ಅಂತೀಯ, ಒಲೆ ಮುಂದೇನೇ ನಿಂತಿರ್ತೀಯ."

"ನಡೆಸಿ ತೋರಿಸ್ಲಾ?"

"ನಡೆಸು, ನೋಡೋಣ. ಭಾನುವಾರ ಅಮ್ಮನ ಹುಟ್ಟುಹಬ್ಬ ಬೇರೆ."

ಇಷ್ಟು ಸಾಕಾಯಿತು. ಆ ವಾರದ ಉಡುಗೊರೆಯ ಸಲಹೆಯನ್ನು ನಾನು ಅದಾಗಲೇ ಬರೆದಿಟ್ಟಿದ್ದೆ. "ಮನೆಯಲ್ಲಿ ದುಡಿಯುವ ಹೆಣ್ಣಿಗೆ ಸೀರೆ ಬೇಡ, ಪಾತ್ರೆ ಬೇಡ. ಬಿಡುವನ್ನು ಕೊಡಿ!" ಬರೆದ ಮೇಲೆ ನನಗೇ ರೋಮಾಂಚನವಾಗಿತ್ತು. ಹೆಂಗಸರ ಮನೆಗೆಲಸ ಯಾರ ಗಮನಕ್ಕೂ ಬರುವುದಿಲ್ಲ ಎಂದು ಸಭೆಗಳಲ್ಲಿ ಮೇಜು ಕುಟ್ಟಿ ಮಾತಾಡುವವಳು ನಾನು. ಆ ಸಭೆಗಳಿಗೆ ಹೋದ ದಿನ ಮನೆಯಲ್ಲಿ ಪಾತ್ರೆ ತೊಳೆದವರು ಯಾರು ಎಂದು ನೀವು ಕೇಳಬಾರದು.

ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಅವರು ಟೆಲಿಫೋನ್ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ವೈರು ಎಳೆದು ಚುಚ್ಚಿ, ಊರಿನವರನ್ನೆಲ್ಲ ಒಬ್ಬರಿಗೊಬ್ಬರು ಮಾತಾಡಿಸಿದವರು. ಅದಕ್ಕೇ ಏನೋ, ತಾವು ಹೆಚ್ಚು ಮಾತಾಡುವವರಲ್ಲ. ಕೆಲಸದಿಂದ ನಿವೃತ್ತರಾಗಿ ಬಹಳ ಕಾಲವಾದರೂ ಅವರ ಭಾಷೆ ನಿವೃತ್ತಿಯಾಗಿಲ್ಲ. ನಾನು ಗೋಳು ಹೇಳಿಕೊಂಡರೆ "ಹ್ಞೂಂ, ಲೈನಲ್ಲಿದ್ದೀನಿ, ಹೇಳು" ಎನ್ನುತ್ತಾರೆ. ಗಂಡ ಹೆಂಡತಿ ಜಗಳವಾಡಿದರೆ "ಕ್ರಾಸ್ ಕನೆಕ್ಷನ್ ಆಗ್ತಿದೆ, ಒಬ್ಬೊಬ್ಬರೇ ಮಾತಾಡಿ" ಎನ್ನುತ್ತಾರೆ.

ಊಟಕ್ಕೂ ಸಂಜೆಯ ಚಹಾಕ್ಕೂ ನಡುವಿನ ಹೊತ್ತು ಮಾತ್ರ ಅತ್ತೆಯದು. ಆಗ ಅವರು ತಮ್ಮ ಕೋಣೆಯ ಕಿಟಕಿ ಪಕ್ಕದ ರೆಕ್ಸಿನ್ ಕುರ್ಚಿಯಲ್ಲಿ ಕೂತು, ಬಾಗಿಲು ಮುಂದೆ ಮಾಡಿಕೊಂಡು ಪುಸ್ತಕ ಓದುತ್ತಾರೆ. ಆ ಕುರ್ಚಿಯ ಮೆತ್ತೆ ಅವರು ಕೂತು ಕೂತು ನಡುವೆ ತಗ್ಗಾಗಿ ಸಣ್ಣ ಕೆರೆಯ ಆಕಾರಕ್ಕೆ ಬಂದಿದೆ. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆರೆ ತುಂಬುತ್ತದೆ. ಆ ಹೊತ್ತಿನಲ್ಲಿ ಯಾರು ಬಾಗಿಲು ತಟ್ಟಿದರೂ ಒಳಗಿನಿಂದ ಒಂದೇ ಉತ್ತರ: "ಎಂಗೇಜ್!"

ಇನ್ನು ನನ್ನ ಗುಟ್ಟು. "ಈ ವಾರ ನಾನು ಓದುತ್ತಿರುವುದು" ಎಂಬ ಮಾತಿನಲ್ಲಿ "ನಾನು" ಎಂದರೆ ಅತ್ತೆ. ನನಗೆಲ್ಲಿ ಪುರುಸೊತ್ತು? ಓದಿ ಎಂದು ಜನರಿಗೆ ಬರೆಯುವುದರಲ್ಲೇ ನನ್ನ ಹೊತ್ತೆಲ್ಲ ಹೋಗುತ್ತದೆ! ಸಂಜೆ ತರಕಾರಿ ಹೆಚ್ಚುವಾಗ ಅತ್ತೆ ಓದಿದ ಕಥೆಯನ್ನು ನನಗೆ ಹೇಳುತ್ತಾರೆ. ನಾನು ಕೇಳಿಸಿಕೊಂಡು, ನಾಲ್ಕು ಅಲಂಕಾರ ಸೇರಿಸಿ, ಪತ್ರಿಕೆಗೆ ಕಳಿಸುತ್ತೇನೆ. ಓದಿದವರು ಅತ್ತೆ. "ಓದಿ ಅತ್ತೆ" ಎಂದು ಬರೆದವಳು ನಾನು. ಯಾರಿಗೂ ತೊಂದರೆಯಿಲ್ಲದ ಏರ್ಪಾಡು. ಹಾಗೆಂದು ನಾನು ತಿಳಿದಿದ್ದೆ. ಅವರನ್ನು ಕೇಳಿರಲಿಲ್ಲ.

ಈ ಬೇಸಿಗೆಯಲ್ಲಿ ಅತ್ತೆ ಹಿಡಿದದ್ದು ಒಂದು ದಪ್ಪ ಹಳೆಯ ಕಾದಂಬರಿ. ಲೈಬ್ರರಿಯದು. ಪುಟಗಳು ಚಹಾದ ಬಣ್ಣಕ್ಕೆ ತಿರುಗಿದ್ದವು, ಮಡಿಸಿದರೆ ಮುರಿಯುತ್ತಿದ್ದವು. ಸಮುದ್ರದ ಮಧ್ಯೆ ಒಂದು ಬಂಡೆ, ಬಂಡೆಯ ಮೇಲೊಂದು ದೀಪಸ್ತಂಭ. ಅದರ ಕಾವಲುಗಾರ ಕುಡಿದು ಮಲಗುತ್ತಾನೆ. ಅವನ ಹೆಂಡತಿ ದಿನವೂ ಮೆಟ್ಟಿಲು ಹತ್ತಿ, ಗಾಜು ಒರೆಸಿ, ದೀಪ ಹಚ್ಚುತ್ತಾಳೆ. ಹಡಗುಗಳು ಉಳಿಯುತ್ತವೆ, ಪದಕ ಗಂಡನಿಗೆ ಬರುತ್ತದೆ. ಒಂದು ದಿನ ಆಕೆ ಬತ್ತಿಯ ಡಬ್ಬಿಯನ್ನು ಅವನ ತಲೆದಿಂಬಿನ ಪಕ್ಕ ಇಟ್ಟು ದೋಣಿ ಹತ್ತಿ ಹೋಗಿಬಿಡುತ್ತಾಳೆ. ಅತ್ತೆ ಇಷ್ಟು ಹೇಳುವ ಹೊತ್ತಿಗೆ ನಾನು ಬೀನ್ಸ್ ಹೆಚ್ಚುವುದನ್ನೇ ಮರೆತಿದ್ದೆ.

"ಆಮೇಲೆ ಅತ್ತೆ? ವಾಪಸ್ ಬರ್ತಾಳಾ?"

"ಗೊತ್ತಿಲ್ಲ. ಕೊನೇ ಅಧ್ಯಾಯ ಉಳಿಸಿದ್ದೀನಿ."

"ಯಾಕೆ?"

"ಭಾನುವಾರಕ್ಕೆ. ನನ್ನ ಹುಟ್ಟುಹಬ್ಬಕ್ಕೆ ನಾನು ಕೊಟ್ಕೊಳ್ಳೋ ಉಡುಗೊರೆ ಅದು. ನೀವ್ಯಾರೂ ಏನೂ ತರಬೇಡಿ."

ಇದು ಅತ್ತೆಯ ಹಳೆಯ ಪದ್ಧತಿಯಂತೆ. ಕೆಲಸದಲ್ಲಿದ್ದಾಗ ಸಾವಿರ ಸಂಭಾಷಣೆ ಕಿವಿಗೆ ಬಿದ್ದರೂ ಒಂದರ ಕೊನೆಯೂ ಕೇಳಿಸುತ್ತಿರಲಿಲ್ಲವಂತೆ. "ಅಳ್ತಾ ಫೋನ್ ಮಾಡಿದೋಳಿಗೆ ಲೈನ್ ಕೊಟ್ಟು, ಮುಂದಿನ ಲೈನಿಗೆ ಹೋಗ್ಬೇಕಿತ್ತು. ಅವಳಿಗೆ ಏನಾಯ್ತೋ ಗೊತ್ತಾಗ್ತಿರ್ಲಿಲ್ಲ. ಅದಕ್ಕೇ ಕೊನೆ ಅನ್ನೋದನ್ನ ನಾನು ಗಡಿಬಿಡೀಲಿ ಓದಲ್ಲ ಕಣೇ" ಎಂದರು.

ಆದರೆ ನನ್ನ ಅಂಕಣ ಗುರುವಾರವೇ ಹೋಗಬೇಕು! ಗಲ್ಲ ಹಿಡಿದು ಬೇಡಿಕೊಂಡೆ.

"ಅತ್ತೆ, ಒಂದೇ ಒಂದು ಅಧ್ಯಾಯ. ಇವತ್ತೇ ಓದಿಬಿಡಿ."

"ಆಗಲ್ಲ."

"ಹಾಗಾದ್ರೆ ಕೊಡಿ, ನಾನೇ ಓದ್ಕೋತೀನಿ. ನಿಮಗೆ ಹೇಳಲ್ಲ."

"ನೀನು ಬಾಯಿ ಮುಚ್ಕೋಬಹುದು, ನಿನ್ನ ಮುಖ ಮುಚ್ಕೊಳ್ಳಲ್ಲ. ಭಾನುವಾರದ ತನಕ ಲೈನ್ ಇಲ್ಲ."

ಸರಿ, ಕೊನೆಯನ್ನು ನಾನೇ ಬರೆದೆ. ಬೇಸಿಗೆಯ ಭಾನುವಾರ, ಓದುಗರಿಗೆ ಬೆವರು ಸಾಕು, ಕಣ್ಣೀರು ಸಿಹಿಯಾಗಿರಲಿ ಎಂದುಕೊಂಡು ಹೀಗೆ ಬರೆದೆ: "ಕೊನೆಗೆ ಬಿರುಗಾಳಿಯ ಸಂಜೆ ಆಕೆ ಮರಳಿ ಬರುತ್ತಾಳೆ. ಪಶ್ಚಾತ್ತಾಪದಿಂದ ಬೆಂದ ಗಂಡನನ್ನು ಕ್ಷಮಿಸಿ, ತನ್ನ ಕೈಯಾರೆ ದೀಪ ಹಚ್ಚುತ್ತಾಳೆ. ಆ ಪುಟವನ್ನು ಮುಚ್ಚಿಟ್ಟು ಎಷ್ಟೋ ಹೊತ್ತು ಅತ್ತೆ!" ಮೇಜು ಕುಟ್ಟಿ ಭಾಷಣ ಮಾಡುವ ನಾನು, ಅರ್ಧ ಗಂಟೆಯ ಅವಸರಕ್ಕೆ ಆ ಹೆಂಗಸನ್ನು ದೋಣಿಯಿಂದ ಇಳಿಸಿ, ಎಳೆದು ತಂದು, ಮತ್ತೆ ಮೆಟ್ಟಿಲು ಹತ್ತಿಸಿಬಿಟ್ಟೆ.

ಭಾನುವಾರ ಬಂತು. ಪೇಪರೂ ಬಂತು. ಅತ್ತೆ ಅದನ್ನು ನೋಡಿದರೆ ಕೆಟ್ಟೆ! ಬಾಗಿಲಲ್ಲೇ ಪುರವಣಿಯಿಂದ ನನ್ನ ಪುಟವನ್ನು ಎಗರಿಸಿ, ನಾಲ್ಕಾಗಿ ಮಡಿಸಿ, ರವಿಕೆಯೊಳಗೆ ಸೇರಿಸಿದೆ. ಜೀವನದಲ್ಲಿ ಮೊದಲ ಸಲ ನನ್ನ ಬರಹವನ್ನು ಯಾರೂ ಓದದಿರಲಿ ಎಂದು ಬೇಡಿಕೊಂಡೆ.

"ಅತ್ತೆ, ಇವತ್ತು ನೀವು ಒಂದು ಕಡ್ಡಿ ಆಚೆಯಿಂದ ಈಚೆ ಇಡಬಾರದು. ಬಿಡುವೇ ನಿಮ್ಮ ಉಡುಗೊರೆ! ಕೂತಿರಿ!"

"ಎಲ್ಲಿ ಕೂತ್ಕೊಳ್ಳಲಿ?"

"ನಡುಮನೇಲಿ. ನಿಮ್ಮ ಕೋಣೇನ ತಂಪು ಮಾಡಬೇಕು. ಊಟ ಆದ ಮೇಲೆ ಅಲ್ಲಿ ನಿಮಗೆ ಹಿಮಾಲಯ ಕಾದಿರುತ್ತೆ!"

ಅತ್ತೆ ನಡುಮನೆಯಲ್ಲಿ ಕೂತರು. ಆಮೇಲೆ ಶುರುವಾಯಿತು.

"ಅತ್ತೆ, ಹಳೇ ಚಾದರ ಎಲ್ಲಿಟ್ಟಿದ್ದೀರಿ?"

"ಮೇಲಿನ ಟ್ರಂಕಿನಲ್ಲಿ, ಬಲಗಡೆ."

"ಅಮ್ಮಾ, ಸುತ್ತಿಗೆ?"

"ನೀನೇ ಬಾತ್‌ರೂಮಿನ ಕಿಟಕಿ ಮೇಲೆ ಮರೆತಿದ್ದು. ಅಲ್ಲೇ ಇದೆ."

"ಅತ್ತೆ, ದೊಡ್ಡ ಬೇಸಿನ್ನು?"

"ಅಕ್ಕಿ ಡಬ್ಬದ ಹಿಂದೆ."

"ಅತ್ತೆ, ಸೌತೆಕಾಯಿ ಕಹಿ ಇದೆಯಲ್ಲ?"

"ತುದಿ ಕತ್ತರಿಸಿ ಉಜ್ಜು."

"ಅಮ್ಮಾ, ಮೊಳೆ?"

ಕೂತಲ್ಲಿಂದ ಕದಲದೆ ಅವರು ಇಡೀ ಮನೆಗೆ ಕನೆಕ್ಷನ್ ಕೊಡುತ್ತಿದ್ದರು. ಹಳೆಯ ನೌಕರಿ ಮರಳಿ ಸಿಕ್ಕಂತಾಗಿತ್ತು. ಪುಸ್ತಕ ಮಡಿಲಲ್ಲಿ ಮುಚ್ಚಿಯೇ ಇತ್ತು. ಅವರು ಎದ್ದು ಮಾಡಿದ್ದರೆ ಇದೆಲ್ಲ ಹತ್ತು ನಿಮಿಷದ ಕೆಲಸ. ನಾವು ಅವರಿಗೆ ಬಿಡುವು ಕೊಟ್ಟದ್ದರಿಂದ ಮಧ್ಯಾಹ್ನದ ತನಕ ಹಿಡಿಯಿತು.

ಒಲೆ ಹಚ್ಚದ ಊಟದ ಬಗ್ಗೆಯೂ ಒಂದು ಮಾತು. ಒಲೆ ಹಚ್ಚದಿದ್ದರೆ ಅಡುಗೆಯವಳಿಗೆ ಆರಾಮ ಎಂದು ಬರೆದವಳ ಕೈ ಮುರಿಯಲಿ! ಒಲೆ ಇದ್ದರೆ ಅರ್ಧ ಕೆಲಸ ಬೆಂಕಿ ಮಾಡುತ್ತದೆ. ಅದಿಲ್ಲದಿದ್ದರೆ ಎಲ್ಲವನ್ನೂ ಹೆಚ್ಚಬೇಕು, ತುರಿಯಬೇಕು, ಹಿಂಡಬೇಕು, ಬೀಜ ತೆಗೆಯಬೇಕು, ಮತ್ತೆ ತಣ್ಣಗಿಡಬೇಕು. ಸೌತೆಕಾಯಿ, ಕ್ಯಾರೆಟ್ಟು, ಕಲ್ಲಂಗಡಿ, ಮೊಸರು, ನೆನೆಸಿದ ಕಾಳು. ನನ್ನ ಬಲಗೈ ಸಂಪು ಹೂಡುವ ಹಂತಕ್ಕೆ ಬಂದಿತ್ತು. ಗಂಡ ಎಲ್ಲವನ್ನೂ ಚೊಕ್ಕಟವಾಗಿ ತಿಂದು, ಕೈತೊಳೆದು ಬಂದು, ಮತ್ತೆ ಕೂತರು.

"ಏನ್ರೀ?"

"ಊಟ ಬಡಿಸ್ತೀಯಲ್ಲ?"

"ಈಗ ತಿಂದಿರಲ್ರೀ, ಅದೇ ಊಟ!"

"ಓಹ್! ನಾನು ಇದು ಮುನ್ನುಡಿ ಅಂದ್ಕೊಂಡೆ."

ಕಡೆಗೆ ಅತ್ತೆ ಮೆಲ್ಲಗೆ ಎದ್ದು ಮಗನಿಗೆ ಅನ್ನಕ್ಕಿಟ್ಟರು. "ಅಯ್ಯೋ, ನೀವು ಏಳಬಾರದಿತ್ತು!" ಎಂದೆ ನಾನು. ಎಂದೆ ಅಷ್ಟೇ, ತಡೆಯಲಿಲ್ಲ. ನನಗೂ ಹಸಿವಾಗಿತ್ತು.

ಇಷ್ಟರಲ್ಲಿ ಅತ್ತೆಯ ಕೋಣೆಯಲ್ಲಿ ಹಿಮಾಲಯದ ನಿರ್ಮಾಣ ಮುಗಿದಿತ್ತು. ನನ್ನ ಗಂಡ ಸೇತುವೆ ಕಟ್ಟುವ ಇಂಜಿನಿಯರ್. ಅವರು ಕಟ್ಟಿದ ಸೇತುವೆಗಳ ಮೇಲೆ ಲಾರಿಗಳು ಓಡುತ್ತವೆ. ಒಂದು ಪರದೆಯ ಕಂಬಿ ಅವರಿಗೆ ಯಾವ ಲೆಕ್ಕ! ಕಿಟಕಿಯ ಅಳತೆ ತೆಗೆದರು, ಚಾದರವನ್ನು ಕೈಯಲ್ಲಿ ತೂಗಿದರು, ಎರಡು ಮೊಳೆ ಹೊಡೆದರು, ಕಬ್ಬಿಣದ ಕಂಬಿ ಇಟ್ಟರು.

"ಗಟ್ಟಿ ಇದೆಯೇನ್ರೀ?"

"ಲೋಡ್ ಲೆಕ್ಕ ಹಾಕಿದ್ದೀನಿ. ನೀನು ಬೇಕಾದ್ರೆ ನೇತಾಡು."

ಲೆಕ್ಕ ಸರಿಯಾಗಿಯೇ ಇತ್ತು. ಅವರು ತೂಗಿದ್ದು ಒಣ ಚಾದರವನ್ನು. ಅದನ್ನು ನಾನು ಬಕೆಟ್ಟಿನಲ್ಲಿ ಅದ್ದಿ, ಹಿಂಡಲು ಕೈಯಲ್ಲಿ ಶಕ್ತಿಯಿಲ್ಲದೆ, ನೀರು ಸುರಿಯುತ್ತಿದ್ದ ಹಾಗೆಯೇ ಹೇರಿದೆ. "ಒದ್ದೆ ಬಟ್ಟೆಯನ್ನು ಕಿಟಕಿಗೆ ಕಟ್ಟಿದರೆ ಬಿಸಿಗಾಳಿ ತಂಗಾಳಿಯಾಗುತ್ತದೆ" ಎಂದು ಬರೆದಿದ್ದೆ. ಎಷ್ಟು ಸುಂದರ ವಾಕ್ಯ! ಬಟ್ಟೆ ಹಿಂಡುವವರು ಯಾರು, ನೆಲ ಒರೆಸುವವರು ಯಾರು, ಅದರಲ್ಲಿ ಇಲ್ಲ. ನನ್ನ ಸಲಹೆಗಳೆಲ್ಲ ಹೀಗೇ. ಅವುಗಳಲ್ಲಿ ತಂಪು ತಾನಾಗಿಯೇ ಆಗುತ್ತದೆ.

ಅತ್ತೆಯ ಕುರ್ಚಿಯ ಪಕ್ಕ ಒಂದು ಸ್ಟೂಲು, ಸ್ಟೂಲಿನ ಮೇಲೆ ಬೇಸಿನ್ನು, ಬೇಸಿನ್ನಿನ ತುಂಬ ಮಂಜುಗಡ್ಡೆ, ಅದರ ಹಿಂದೆ ಟೇಬಲ್ ಫ್ಯಾನು. ಬೇಸಿನ್ನಿನ ತಳದಿಂದ ನೀರು ಇಳಿಯತೊಡಗಿತು. ಕೆಳಗೆ ಹಾಕಲು ಏನಾದರೂ ಬೇಕಲ್ಲ? ರವಿಕೆಯೊಳಗೆ ಬೆಳಗಿನಿಂದ ಚುಚ್ಚುತ್ತಿದ್ದ ಪುಟ ನೆನಪಾಯಿತು. ಬಿಡಿಸಿ ಬೇಸಿನ್ನಿನ ಅಡಿಗೆ ಹಾಸಿದೆ. ಗುಟ್ಟೂ ಅಡಗಿತು, ನೀರೂ ನಿಂತಿತು. ಒಂದೇ ಏಟಿಗೆ ಎರಡು ಹಕ್ಕಿ!

ಊಟ ಮುಗಿದು ಅತ್ತೆ ಕೋಣೆಗೆ ಬಂದರು. ತಂಗಾಳಿ ನಿಜವಾಗಿಯೂ ಬೀಸುತ್ತಿತ್ತು. ಅವರ ಮುಖ ಅರಳಿತು, ಸುಳ್ಳು ಹೇಳಬಾರದು.

"ಚೆನ್ನಾಗಿದೆ ಕಣೇ."

ನಾನು ನನ್ನ ಫೋಟೋದ ಹಾಗೆ ನಕ್ಕೆ. ಅತ್ತೆ ಪುಸ್ತಕವನ್ನು ಕುರ್ಚಿಯ ಮೇಲೆ ಕೊನೆಯ ಅಧ್ಯಾಯಕ್ಕೆ ತೆರೆದಿಟ್ಟರು. ಹಾರದಿರಲಿ ಎಂದು ಕನ್ನಡಕವನ್ನು ಅದರ ಮೇಲಿಟ್ಟರು.

"ಮುಖ ತೊಳ್ಕೊಂಡು ಬರ್ತೀನಿ."

"ಓದೋಕೆ ಮುಖ ಯಾಕೆ ತೊಳೀಬೇಕು?"

"ಅವಳನ್ನ ಬೀಳ್ಕೊಡಬೇಕಲ್ಲ. ಇಷ್ಟು ದಿನ ಜೊತೆಗಿದ್ದಳು" ಎಂದು ಬಚ್ಚಲಿಗೆ ಹೋದರು.

ನಲ್ಲಿಯ ಸದ್ದು ಕೇಳಿಸಿತು. ಅದರ ಬೆನ್ನಿಗೇ ಕಿಟಕಿಯಿಂದ "ಕಿರ್ರ್" ಎಂದಿತು. ಎಡಗಡೆಯ ಮೊಳೆ ನನ್ನ ಕಣ್ಣೆದುರಿಗೇ ಗೋಡೆಯಿಂದ ಹೊರಬಂತು. ಹಲ್ಲು ಬೀಳುವ ಮುಂಚೆ ಅಲುಗಾಡುವಂತೆ ಒಮ್ಮೆ ಅಲುಗಾಡಿತು, ಬಿತ್ತು!

"ರೀಈಈ!"

ಗಂಡ ಓಡಿಬಂದು ಚಾದರವನ್ನು ತಬ್ಬಿಕೊಂಡರು. ಕಂಬಿ ಅವರ ಕೈತಪ್ಪಿ ಸ್ಟೂಲಿಗೆ ಬಡಿಯಿತು. ಸ್ಟೂಲು ಬಾಗಿತು, ಬೇಸಿನ್ನು ಕವುಚಿತು. ಮಂಜುಗಡ್ಡೆಯೂ ನೀರೂ ಒಟ್ಟಾಗಿ ಕುರ್ಚಿಗೆ ನುಗ್ಗಿದವು. ಕೆರೆ ತುಂಬಿತು. ಕೆರೆಯ ನಡುವೆ ಪುಸ್ತಕ. ಅದರ ಮೇಲೆ ಬೇಸಿನ್ನಿನ ಅಡಿಯ ನನ್ನ ಪುಟ ತೇಲಿ ಬಂದು ಅಚ್ಚುಕಟ್ಟಾಗಿ ಕೂತಿತು. ಅದರ ಮೇಲೆ ಚಾದರ. ಚಾದರದ ಮೇಲೆ ಕಾಲು ಜಾರಿದ ನನ್ನ ಗಂಡ. ಲಾರಿಗಳನ್ನು ಹೊರುವ ಸೇತುವೆ ಕಟ್ಟಿದ ಮನುಷ್ಯ ತಮ್ಮ ಪೂರ್ತಿ ಲೋಡನ್ನು ಕೊನೆಯ ಅಧ್ಯಾಯದ ಮೇಲೆ ಹಾಕಿದರು.

ಅತ್ತೆ ಬಾಗಿಲಿಗೆ ಬಂದರು. ಮುಖದಿಂದ ನೀರು ಇಳಿಯುತ್ತಿತ್ತು.

"ಮೊದಲು ಫ್ಯಾನ್ ಸ್ವಿಚ್ ತೆಗಿ" ಎಂದರು. ತೆಗೆದೆ.

ಮಗನನ್ನು ಎಬ್ಬಿಸಿದರು. ಚಾದರ ಎತ್ತಿದರು. ಆಮೇಲೆ ಎರಡೂ ಅಂಗೈ ಕೆಳಗೆ ಕೊಟ್ಟು, ಸ್ನಾನ ಮಾಡಿಸಿದ ಮಗುವನ್ನು ಎತ್ತುವಂತೆ ಪುಸ್ತಕವನ್ನು ಎತ್ತಿದರು. ಕೊನೆಯ ಪುಟಗಳ ಮೇಲೆ ಚರ್ಮದಂತೆ ಅಂಟಿಕೊಂಡಿತ್ತು ನನ್ನ ಅಂಕಣ. ಗಲ್ಲಕ್ಕೆ ಬೆರಳೂರಿ ನಾನು ನಗುತ್ತಿದ್ದೆ. ಬೆವರದ ನನ್ನ ಮುಖದಿಂದ ನೀರು ಸೋರುತ್ತಿತ್ತು.

ಅವರು ಕನ್ನಡಕ ಹುಡುಕಿ, ಸೆರಗಿನಿಂದ ಒರೆಸಿ ಹಾಕಿಕೊಂಡರು. ಓದಿದರು. ಅವರು ಓದುವಾಗ ತುಟಿ ಅಲುಗುತ್ತದೆ. ಯಾವ ಸಾಲಿನಲ್ಲಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು. "ಮರಳಿ ಬರುತ್ತಾಳೆ" ಎಂಬಲ್ಲಿ ತುಟಿ ನಿಂತಿತು.

"ಹಾಗಾದ್ರೆ ನೀನು ಓದಿದ್ದೀಯ. ನನಗಿಂತ ಮೊದಲು" ಎಂದರು.

ಅವರು ಬೈದಿದ್ದರೆ ಚೆನ್ನಾಗಿತ್ತು.

"ಇಲ್ಲ ಅತ್ತೆ. ಓದಿಲ್ಲ. ಅದು ನಾನೇ... ಗುರುವಾರ ಕಳಿಸಬೇಕಿತ್ತಲ್ಲ... ಸುಮ್ಮನೆ ಬರೆದೆ. ಕೊನೆ ಹಾಳಾಗಿಲ್ಲ ಅತ್ತೆ, ನಿಜವಾದ ಕೊನೆ ಅದರ ಕೆಳಗೇ ಇದೆ! ಇದನ್ನ ಬಿಡಿಸಿದ್ರೆ ಸಾಕು!"

"ನಾನು ಬಿಡಿಸ್ತೀನಿ!" ಎಂದು ಗಂಡ ಓಡಿದರು. ಮನೆಯಲ್ಲಿ ಯಾವುದಾದರೂ ವಸ್ತು ಅರೆಜೀವವಾಗಿದ್ದರೆ ಅದನ್ನು ಪೂರ್ತಿ ಮುಗಿಸಲು ನಮ್ಮವರು ಓಡಿಬರುತ್ತಾರೆ. ನನ್ನ ಹೇರ್ ಡ್ರೈಯರ್ ತಂದು, ಪೂರ್ತಿ ಬಿಸಿಗಿಟ್ಟು, ಆಚೆ ಕೋಣೆಯಲ್ಲಿ ಪುಸ್ತಕಕ್ಕೆ ಹಿಡಿದರು. ಅತ್ತೆಯೂ ನಾನೂ ನೆಲ ಒರೆಸಿ, ಮಂಜುಗಡ್ಡೆ ಬಳಿದು, ಮೆತ್ತೆ ಬಿಸಿಲಿಗೆ ಹಾಕಿ ಬರುವಷ್ಟರಲ್ಲಿ ಅಂಕಣವೂ ಅಧ್ಯಾಯವೂ ಸೇರಿ ಒಂದು ರಟ್ಟಾಗಿದ್ದವು. ಬೆರಳಲ್ಲಿ ತಟ್ಟಿದರೆ ಟಕ್ ಟಕ್ ಎನ್ನುತ್ತಿತ್ತು.

"ನೋಡಿ, ಎಷ್ಟು ಚೆನ್ನಾಗಿ ಒಣಗಿದೆ!" ಎಂದರು ನಮ್ಮ ಇಂಜಿನಿಯರ್.

ಉಗುರಿನ ತುದಿಯಿಂದ ಬಿಡಿಸಲು ನೋಡಿದೆ. ನನ್ನ ಕಿವಿ ಕಿತ್ತುಬಂತು, ಅದರ ಜೊತೆ ಕಾದಂಬರಿಯ ಮೂರು ಸಾಲು ಪುಡಿಯಾಗಿ ಬಂದವು. "ಬಿಡು" ಎಂದರು ಅತ್ತೆ. ಬಿಟ್ಟೆ.

ಆ ದಿನ ಊಟಕ್ಕೂ ಚಹಾಕ್ಕೂ ನಡುವಿನ ಹೊತ್ತು ನೆಲ ಒರೆಸುವುದರಲ್ಲಿ ಹೋಯಿತು. ಬಿಡುವಿನ ಉಡುಗೊರೆ ಕೊಡುತ್ತೇನೆಂದು ಹೊರಟು, ಅವರಿಗಿದ್ದ ಒಂದೇ ಬಿಡುವನ್ನು ನಾನು ಬಕೆಟ್ಟಿಗೆ ಹಿಂಡಿದೆ. ಒರೆಸುವ ಬಟ್ಟೆಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನನ್ನ ನೂರು ಭಾಷಣಗಳಲ್ಲಿ ಒಂದೂ ಆಗ ನೆನಪಿಗೆ ಬರಲಿಲ್ಲ.

ಮರುದಿನ ಲೈಬ್ರರಿಗೆ ಓಡಿದೆ. ಲೈಬ್ರರಿಯನ್ ಆ ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದರ ಇನ್ನೊಂದು ಪ್ರತಿ?"

"ಇಲ್ಲ ಮೇಡಂ. ಅಚ್ಚು ನಿಂತೇ ಎಷ್ಟೋ ಕಾಲ ಆಯ್ತು. ಬೇರೆ ಲೈಬ್ರರಿಗಳಿಗೂ ಕೇಳಿ ನೋಡ್ತೀನಿ. ಆಸೆ ಇಟ್ಕೋಬೇಡಿ." ಆಮೇಲೆ ಮುಖ ಅರಳಿಸಿ, "ಪರವಾಗಿಲ್ಲ ಬಿಡಿ, ಕೊನೆ ನೀವು ಪೇಪರಲ್ಲಿ ಬರೆದಿದ್ದೀರಲ್ಲ! ಓದಿದೆ. ಅವಳು ವಾಪಸ್ ಬಂದಿದ್ದು ನೋಡಿ ಸಮಾಧಾನ ಆಯ್ತು" ಎಂದರು.

ಅದರ ಮೇಲೆ ಸಂಪಾದಕಿಯ ಫೋನು. "ರೀ, ಓದುಗರೆಲ್ಲ ನಿಮ್ಮ ಕಾದಂಬರೀನೇ ಕೇಳ್ತಿದ್ದಾರೆ! ಆ ಕ್ಷಮಿಸೋ ಭಾಗ, ಆಹಾ! ಯಾರೋ ತಮ್ಮ ಹೆಂಡತಿಗೆ ಓದಿ ಹೇಳಿದ್ರಂತೆ, ನೋಡು, ಹೀಗಿರಬೇಕು ಅಂತ!"

ಊರಿಗೆಲ್ಲ ಈಗ ನನ್ನ ಕೊನೆಯೇ ಕೊನೆ! ಸಂಜೆ ತರಕಾರಿಯ ಮುಂದೆ ಕೂತು ಎಲ್ಲವನ್ನೂ ಅತ್ತೆಗೆ ಹೇಳಿದೆ. ಅವರು ಹಾಗಲಕಾಯಿಯ ಬೀಜ ತೆಗೆಯುತ್ತಿದ್ದರು.

"ಅವಳು ವಾಪಸ್ ಬರಲ್ಲ" ಎಂದರು.

"ನೀವು ಓದಿಲ್ಲವಲ್ಲ ಅತ್ತೆ?"

"ಕೊನೆ ಓದಿಲ್ಲ. ಅವಳನ್ನ ಓದಿದ್ದೀನಿ. ಬತ್ತಿ ಡಬ್ಬಿ ಅವನ ತಲೆದಿಂಬಿನ ಹತ್ರ ಇಟ್ಟು ಹೋದೋಳು ಯಾಕೆ ವಾಪಸ್ ಬರ್ತಾಳೆ? ದೀಪ ಹಚ್ಚೋಳು ಒಬ್ಬಳು, ಹೆಸರು ಇನ್ನೊಬ್ಬರದು. ಆ ಕಥೆ ನನಗೆ ಗೊತ್ತಿಲ್ವಾ?"

ಹಾಗಲಕಾಯಿ ಬಾಯಿಗೆ ಹೋಗುವ ಮೊದಲೇ ಕಹಿಯಾಯಿತು. ಇಷ್ಟು ವರ್ಷ "ಓದಿ ಅತ್ತೆ, ಓದಿ ನಕ್ಕೆ" ಎಂದು ಬರೆದ ನನ್ನ ಪುಟಗಳನ್ನೆಲ್ಲ ಅವರು ಪ್ರತಿ ಭಾನುವಾರ ತುಟಿ ಅಲುಗಿಸುತ್ತ ಓದಿದ್ದಾರೆ. ತಾವು ಅತ್ತದ್ದು ಎಲ್ಲಿ, ನಾನು ಅತ್ತೆ ಎಂದು ಬರೆದದ್ದು ಎಲ್ಲಿ ಎಂದು ನೋಡಿಕೊಂಡಿದ್ದಾರೆ. ಒಂದು ದಿನವೂ ಲೈನ್ ಕಟ್ ಮಾಡಲಿಲ್ಲ.

"ತಪ್ಪಾಯ್ತು ಅತ್ತೆ."

"ನನ್ನ ಹತ್ರ ಹೇಳಿದ್ರೆ ಏನು ಬಂತು? ಅವಳು ವಾಪಸ್ ಬಂದಿದ್ದು ಸುಳ್ಳು ಅಂತ ಪೇಪರಲ್ಲಿ ಬರಿ. ಯಾವಳೋ ಒಬ್ಬಳಿಗೆ ಅವಳ ಗಂಡ ಅದನ್ನ ಓದಿ ಹೇಳಿದಾನಲ್ಲ, ಅವಳಿಗಾಗಿ ಬರಿ."

"ಮಾನ ಹೋಗುತ್ತೆ ಅತ್ತೆ!"

"ನೆನೆದ ಮಾನ ಒಣಗುತ್ತೆ. ಡ್ರೈಯರ್ ಹಿಡಿಯದಿದ್ರೆ ಸಾಕು."

ಅದಕ್ಕೇ, ಎರಡು ವಾರ ಮೀನಮೇಷ ಎಣಿಸಿದ ಮೇಲೆ, ಈ ವಾರದ ಬುಟ್ಟಿಯಲ್ಲಿ ಇದನ್ನೆಲ್ಲ ತುಂಬಿ ನಿಮ್ಮ ಮುಂದಿಟ್ಟಿದ್ದೇನೆ. ತಂಪಿನ ಸಲಹೆ: ಒದ್ದೆ ಚಾದರವನ್ನು ಒಣಗಲು ಹಾಕಿ, ಅದಕ್ಕಿಂತ ದೊಡ್ಡ ಕೆಲಸವನ್ನು ಅದಕ್ಕೆ ವಹಿಸಬೇಡಿ. ಉಡುಗೊರೆಯ ಸಲಹೆ: ಯಾರಿಗಾದರೂ ಬಿಡುವು ಕೊಡುವುದಾದರೆ, ಅವರ ಕೋಣೆಯ ಬಾಗಿಲು ಎಳೆದುಕೊಂಡು ನೀವು ಆಚೆ ಹೋಗಿ. ಸುತ್ತಿಗೆ ಎಲ್ಲಿದೆ ಎಂದು ನೀವೇ ಹುಡುಕಿಕೊಳ್ಳಿ. ಇನ್ನು ಓದು. ಅದರದೊಂದು ಹೊಸ ಕಾನೂನು ಬಂದಿದೆ.

ಕಳೆದ ವಾರ ಅತ್ತೆ ಲೈಬ್ರರಿಯಿಂದ ಮತ್ತೊಂದು ದಪ್ಪ ಕಾದಂಬರಿ ತಂದು ನನ್ನ ಮಡಿಲಿಗೆ ಹಾಕಿದರು.

"ಈ ಸಲ ನೀನು ಓದು. ಸಂಜೆ ನನಗೆ ಕಥೆ ಹೇಳು. ನಾನು ಹೆಚ್ಚುತ್ತಾ ಕೇಳ್ತೀನಿ. ಕೊನೇ ಅಧ್ಯಾಯ ಮಾತ್ರ ಮುಟ್ಟಬೇಡ, ಅದು ನನ್ನದು."

ಓದಿದೆ! ನಿಜವಾಗಿ ಓದಿದೆ, ದೇವರಾಣೆ! ಒಂದು ಹುಡುಗಿ ಗಡಿಯಾರ ರಿಪೇರಿ ಮಾಡುತ್ತಾಳೆ. ಅವಳ ಅಕ್ಕ ಕಾಣೆಯಾಗಿದ್ದಾಳೆ. ಅಕ್ಕ ಕಟ್ಟಿಕೊಂಡಿದ್ದ ಗಡಿಯಾರವನ್ನೇ ಒಬ್ಬ ಗಿರಾಕಿ ರಿಪೇರಿಗೆ ತಂದುಕೊಡುತ್ತಾನೆ! ಬಸ್ಸಿನಲ್ಲಿ ಓದಿದೆ, ಹಾಲುಕ್ಕಿಸುತ್ತ ಓದಿದೆ. ಗಂಡ "ಸುತ್ತಿಗೆ ಎಲ್ಲಿ?" ಎಂದಾಗ "ಎಂಗೇಜ್!" ಎಂದೆ. ಹುಡುಗಿ ಆ ಗಿರಾಕಿಯ ಮನೆಯ ಬಾಗಿಲು ತಟ್ಟುತ್ತಾಳೆ, ಒಳಗೆ ಹೆಜ್ಜೆಯ ಸದ್ದಾಗುತ್ತದೆ, ಚಿಲಕ ಸರಿಯುತ್ತದೆ... ಅಧ್ಯಾಯ ಮುಗಿಯಿತು. ಅತ್ತೆ ಬಂದು ಪುಸ್ತಕವನ್ನು ನನ್ನ ಕೈಯಿಂದ ಮೆಲ್ಲಗೆ ಎಳೆದುಕೊಂಡರು. ಮುಖ ತೊಳೆದು ಬಂದು ಬಾಗಿಲು ಹಾಕಿಕೊಂಡರು.

ಚಹಾದ ಹೊತ್ತಿನವರೆಗೆ ತಡೆಯಲು ಎಷ್ಟು ಪ್ರಯತ್ನಪಟ್ಟೆ ಎಂಬುದು ನನಗೇ ಗೊತ್ತು. ಆಗಲಿಲ್ಲ. ಬಾಗಿಲ ಸಂದಿಗೆ ಬಾಯಿಟ್ಟೆ.

"ಅತ್ತೆ... ಬಾಗಿಲು ತೆಗೆದಿದ್ದು ಯಾರು? ಅಕ್ಕನಾ?"

ಪುಟ ಮಗುಚಿದ ಸದ್ದಾಯಿತು.

"ಅತ್ತೆ, ಒಂದೇ ಒಂದು ಮಾತು! ಅಕ್ಕ ಬದುಕಿದ್ದಾಳಾ? ಕೊನೆಗೆ ಏನಾಗುತ್ತೆ?"

ಒಳಗಿನಿಂದ ಉತ್ತರ ಬಂತು, ನಿಧಾನವಾಗಿ, ಸ್ಪಷ್ಟವಾಗಿ, ದೂರದೂರಿಗೆ ಲೈನ್ ಕೊಡುವ ಹಳೆಯ ದನಿಯಲ್ಲಿ:

"ನಿನಗೆ ಬರೆಯೋಕೆ ಬರುತ್ತಲ್ಲ, ಬರ್ಕೋ!"